ಒಂದೇ ಕೈಯ ಎರಡು ಸಹಿ

ಆನೆಷ್ಕಾ ವಾವ್ರೋವಾ ಅವರು ಮನುಷ್ಯರಾಗಿರದೆ ಸರಕಾಗಿದ್ದರೆ, ನನ್ನ ದಾಸ್ತಾನು ಪುಸ್ತಕದಲ್ಲಿ ಹೀಗೆ ಬರೆದುಕೊಳ್ಳುತ್ತಿದ್ದೆ: ಎತ್ತರ ಕಡಿಮೆ, ಅಗಲ ಧಾರಾಳ. ಹೊಲಿಗೆ ಗಟ್ಟಿ. ಮೇಲ್ಭಾಗ ಸವೆದಿದೆ, ಎಷ್ಟು ಪಾಲಿಷ್ ತಿಕ್ಕಿದರೂ ಹೊಳಪು ಬಾರದು. ಅಂಗಡಿಯ ಮುಂದಿನ ಗಾಜಿನಲ್ಲಿಡುವ ಮಾಲಲ್ಲ. ಹಿಂದಿನ ಕಪಾಟಿನಲ್ಲಿಟ್ಟು, ಬೆಲೆ ಕೇಳುವುದಕ್ಕೆ ಮೊದಲು ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಕೇಳುವ ಗಿರಾಕಿಗೆ ಮಾತ್ರ ತೋರಿಸತಕ್ಕದ್ದು.

ಶಿಕಾಗೊದ ಹದಿನೆಂಟನೇ ಬೀದಿಯಲ್ಲಿ ನನ್ನ ಬೂಟಿನ ಅಂಗಡಿ. ಬಾಗಿಲ ಮೇಲೆ 'ಕಾಲಿನಾ' ಎಂದು ಬರೆದಿರುವುದು ನನ್ನ ಅಪ್ಪನ ಕಾಲದ ಬಣ್ಣದಲ್ಲಿ. ಜನರನ್ನು ಮುಖಕ್ಕಿಂತ ಮೊದಲು ಪಾದದಿಂದ ಗುರುತಿಸುವುದು ನಮ್ಮ ಕಸುಬಿನ ಚಾಳಿ. ವಾವ್ರೋವಾ ಅವರ ಎಡಗಾಲು ಏಳು, ಬಲಗಾಲು ಏಳೂವರೆ. ಹದಿನಾಲ್ಕು ವರ್ಷ ಬಲಗಾಲ ಮೇಲೆ ಭಾರ ಬಿಟ್ಟು ಸ್ಕೂಲಿನ ನೆಲ ಒರೆಸುವ ಬಟ್ಟೆ ಹಿಂಡಿದ್ದರಿಂದ ಹಾಗಾಗಿದೆ. ಒಂದು ಜೊತೆಯಲ್ಲಿ ಎರಡು ಅಳತೆಯ ಬೂಟು ಕೊಡಿ ಎಂದು ಅವರು ಒಮ್ಮೆ ಕೇಳಿದ್ದರು. ಹಾಗೆ ಕೊಟ್ಟರೆ ನನಗೆ ಉಳಿಯುವ ಇನ್ನೊಂದು ಜೊತೆಯನ್ನು ಕೊಳ್ಳುವವರು ಯಾರು ಎಂದು ನಾನು ಕೇಳಿದ್ದೆ. "ಎಡಗಾಲಲ್ಲಿ ನಿಂತು ನೆಲ ಒರ್ಸೋಳು ಒಬ್ಳು ಎಲ್ಲಾದ್ರೂ ಇರ್ತಾಳೆ, ಹುಡುಕಿ" ಅಂದರು. ನಗದೆ ಹೇಳಿದರು. ಅವರು ನಗುವುದು ಕಡಿಮೆ. ಕೆಲಸ ಮುಗಿಸಿ ಬಂದವರಿಗೆ ಅದಕ್ಕೂ ತ್ರಾಣ ಬೇಕಲ್ಲ.

ಗಂಡ ವೋಯ್ಟೆಕ್ ವಾವ್ರಾ ನದಿಯ ಪಕ್ಕದ ಮರದ ಅಡ್ಡೆಯಲ್ಲಿ ಕೂಲಿ. ಹಲಗೆಯ ಅಟ್ಟಿ ಜಾರಿ ಮೇಲೆ ಬಿದ್ದು ಅವನು ಸತ್ತಾಗ ವಾವ್ರೋವಾ ಅವರಿಗೆ ಮೂವತ್ತೊಂಬತ್ತು ವರ್ಷ. ಅವನು ಬಿಟ್ಟುಹೋದದ್ದು ಎರಡು ಅಂತಸ್ತಿನ ಒಂದು ಮರದ ಮನೆ. ಕೆಳಗೆ ಇವರು, ಮೇಲೆ ಬಾಡಿಗೆಯವರು. ಆ ಮನೆಗೂ ಒಂದು ಕತೆಯಿತ್ತು. ದಾಯಾದಿಯೊಬ್ಬನ ಬಿಯರ್ ಅಂಗಡಿಯ ಸಾಲಕ್ಕೆ ವೋಯ್ಟೆಕ್ ಜಾಮೀನು ನಿಂತಿದ್ದ. ಆ ಅಂಗಡಿಯ ಬಿಯರನ್ನು ದಾಯಾದಿಯೇ ಕುಡಿದು ಮುಗಿಸುತ್ತಿರುವುದನ್ನು ಕಂಡು ಹೆದರಿ, ಮನೆಯನ್ನು ಹೆಂಡತಿಯ ಹೆಸರಿಗೆ ಬರೆಸಿದ. ಬರೆದವನು ನಮ್ಮ ಹಿರಿಯರ ದೇಶದಿಂದಲೇ ವಲಸೆ ಬಂದ, ಪತ್ರ ಬರೆಯುವ ಮುದುಕ. ಆ ಮುದುಕ ನಮ್ಮ ಭಾಷೆಯ ವ್ಯಾಕರಣಕ್ಕೆ ಚ್ಯುತಿ ಬಾರದಂತೆ 'ಆನೆಷ್ಕಾ ವಾವ್ರೋವಾ' ಎಂದು ಬರೆದ. ನಮ್ಮಲ್ಲಿ ಗಂಡ ವಾವ್ರಾ ಆದರೆ ಹೆಂಡತಿ ವಾವ್ರೋವಾ. ನಾನು ಕಾಲಿನಾ, ನನ್ನ ಹೆಂಡತಿ ಕಾಲಿನೋವಾ. ಗಂಡಿನ ಹೆಸರಿಗೆ ಒಂದು ಬಾಲ ಕಟ್ಟಿದರೆ ಹೆಣ್ಣಿನ ಹೆಸರು. ಇದರಲ್ಲಿ ಯಾರೂ ಏನೂ ವಿಶೇಷ ಕಾಣುವುದಿಲ್ಲ.

ಗಂಡ ಹೋದ ಮೇಲೆ ಅವರು ಸ್ಕೂಲಿನಲ್ಲಿ ನೆಲ ಉಜ್ಜುವ ಕೆಲಸಕ್ಕೆ ಸೇರಿದರು. ಅಲ್ಲಿಯ ಹೆಡ್‌ಮಿಸ್ಟ್ರೆಸ್ ಅಮೆರಿಕದವಳು. ಗಂಡ ವಾವ್ರಾ ಎಂದ ಮೇಲೆ ಹೆಂಡತಿಯೂ ವಾವ್ರಾ ಎಂದು ತೀರ್ಮಾನಿಸಿದಳು. ಆನೆಷ್ಕಾ ಎಂಬುದು ಅವಳ ನಾಲಿಗೆಗೆ ಹತ್ತದೆ ಆಗ್ನೆಸ್ ಎಂದು ಬರೆದುಕೊಂಡಳು. ಸಂಬಳದ ಪಟ್ಟಿಯಲ್ಲಿ ಹದಿನಾಲ್ಕು ವರ್ಷ ಆಗ್ನೆಸ್ ವಾವ್ರಾ. ಸಂಬಳ ನಗದಾಗಿ ಬರುತ್ತಿದ್ದಷ್ಟು ಕಾಲ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಡಾಲರಿನ ಮೇಲೆ ಯಾರ ಹೆಸರೂ ಇರುವುದಿಲ್ಲವಲ್ಲ.

ಮೂವತ್ತೊಂದರ ಚಳಿಗಾಲದ ಹೊತ್ತಿಗೆ ಸರ್ಕಾರದ ಬೊಕ್ಕಸ ಬರಿದಾಯಿತು. ಜನ ತೆರಿಗೆ ಕಟ್ಟಲಾರರು, ಕಟ್ಟದಿದ್ದರೆ ಸರ್ಕಾರ ಸಂಬಳ ಕೊಡಲಾರದು, ಸಂಬಳ ಬಾರದವರು ತೆರಿಗೆ ಕಟ್ಟಲಾರರು. ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ಹೋಗುವ ನಾಯಿಯ ಹಾಗೆ. ಕೊನೆಗೆ ಮೇಷ್ಟ್ರುಗಳಿಗೆ, ಬೆಂಕಿ ಆರಿಸುವವರಿಗೆ, ನೆಲ ಒರೆಸುವವರಿಗೆ ಎಲ್ಲರಿಗೂ ಹಣದ ಬದಲು ಚೀಟಿ ಕೊಟ್ಟರು. ಒಳ್ಳೆಯ ದಪ್ಪ ಕಾಗದ, ಹಸಿರು ಅಂಚು. 'ಇಂಥವರಿಗೆ ಇಷ್ಟು ಕೊಡತಕ್ಕದ್ದಿದೆ, ಹಣ ಬಂದಾಗ ಕೊಡುತ್ತೇವೆ' ಎಂಬ ಒಕ್ಕಣೆ. ಬಂದಾಗ ಎಂದರೆ ಯಾವಾಗ ಎಂಬುದಕ್ಕೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ. ವಾವ್ರೋವಾ ಅವರಿಗೆ ಹದಿನೈದು ದಿನಕ್ಕೊಂದು, ಮೂವತ್ತು ಡಾಲರಿನದು.

ಬ್ಯಾಂಕಿನವರು ಆ ಚೀಟಿಯನ್ನು ಬೆರಳ ತುದಿಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟರು. ಮಾಂಸದ ಅಂಗಡಿಯವನು ಮೊದಲು ಅರ್ಧ ಬೆಲೆಗೆ ತೆಗೆದುಕೊಂಡ, ಆಮೇಲೆ ಅದನ್ನೂ ನಿಲ್ಲಿಸಿದ. ನಾನು ನನ್ನ ಅಂಗಡಿಯ ಗಾಜಿಗೆ 'ಚೀಟಿ ಕೊಳ್ಳಲಾಗುವುದು' ಎಂದು ಹಲಗೆ ತೂಗುಹಾಕಿದೆ. ಧರ್ಮಕ್ಕಲ್ಲ. ಸರ್ಕಾರ ಇನ್ನೊಂದು ಪ್ರಕಟಣೆ ಹೊರಡಿಸಿತ್ತು: ಈ ಚೀಟಿಗಳನ್ನು ಕೊಟ್ಟು ಸರ್ಕಾರಕ್ಕೆ ಸಲ್ಲಬೇಕಾದ ತೆರಿಗೆ ತೀರಿಸಬಹುದು, ಪೂರ್ತಿ ಮುಖಬೆಲೆಗೆ. ಮೂವತ್ತರ ಚೀಟಿಯನ್ನು ವಟ್ಟ ಮುರಿದು ಇಪ್ಪತ್ತನಾಲ್ಕಕ್ಕೆ ಕೊಂಡು, ಮೂವತ್ತೆಂದು ತೆರಿಗೆಗೆ ಕಟ್ಟಿದರೆ ಉಳಿಯುವುದು ಆರು. ಬೂಟು ಮಾರಿ ಆರು ಡಾಲರ್ ಉಳಿಸಿದ ವಾರ ಆ ವರ್ಷದಲ್ಲಿ ನನಗೆ ನೆನಪಿಲ್ಲ.

ಮೊದಲ ಸಲ ವಾವ್ರೋವಾ ಅವರು ಚೀಟಿ ತಂದದ್ದು ಕ್ರಿಸ್‌ಮಸ್ಸಿನ ಹಿಂದಿನ ವಾರ. ಕೈಗೆ ಚಿಂದಿ ಸುತ್ತಿಕೊಂಡಿದ್ದರು. ನೆಲ ತೊಳೆಯುವ ಸೋಡದ ನೀರಿಗೆ ಬೆರಳ ಸಂದಿಗಳೆಲ್ಲ ಒಡೆದಿದ್ದವು.

"ಎಷ್ಟು ಕೊಡ್ತೀರಿ ಸಾವ್ಕಾರ್ರೇ?"

"ಇಪ್ಪತ್ನಾಲ್ಕು."

"ಇದ್ರಲ್ಲಿ ಮೂವತ್ತು ಅಂತ ಬರ್ದಿದೆ. ನಂಗೂ ಓದೋಕೆ ಬರತ್ತೆ."

"ಬರ್ದೋರ ಹತ್ರ ಹೋಗಿ ಕೇಳಿ ಅಮ್ಮಾ, ಮೂವತ್ತು ಕೊಟ್ರೆ ತಗೊಂಡ್ಬನ್ನಿ. ನಾನೂ ನೋಡ್ಬೇಕು ಅಂತಿದೀನಿ."

ಒಳಗಿನಿಂದ ನನ್ನ ಹೆಂಡತಿ ರೂಜೆನಾ, "ಅಕ್ಕಾ, ಅವ್ರ ಹತ್ರ ಜಗ್ಗಾಡ್ಬೇಡಿ. ನನ್ನ ಮದ್ವೇಲೂ ವಟ್ಟ ಮುರ್ಕೊಂಡೇ ಬಂದ ಗಂಡಸು" ಎಂದು ಕೂಗಿದಳು.

ವಾವ್ರೋವಾ ಅವರು ಚೀಟಿಯನ್ನು ತಿರುವಿ ಹಿಂಬದಿಯಲ್ಲಿ ಸಹಿ ಹಾಕಿದರು. ನಾನು ಇಪ್ಪತ್ತನಾಲ್ಕು ಎಣಿಸಿ ಕೊಟ್ಟೆ. ಏಪ್ರಿಲ್ ಮುಗಿಯುವವರೆಗೆ ಹೀಗೇ ಒಂಬತ್ತು ಚೀಟಿ. ಒಂಬತ್ತನ್ನೂ ತಗಡಿನ ಪೆಟ್ಟಿಗೆಯಲ್ಲಿಟ್ಟೆ. ಬೆಂಕಿ ಆರಿಸುವ ಒಬ್ಬನಿಂದ ಕೊಂಡ ಇನ್ನೊಂದು ಅದೇ ಪೆಟ್ಟಿಗೆಯಲ್ಲಿತ್ತು. ಒಟ್ಟು ಮುನ್ನೂರು. ನನ್ನ ಅಂಗಡಿಯ ತೆರಿಗೆ ಇನ್ನೂರ ತೊಂಬತ್ತೆಂಟು. ಲೆಕ್ಕ ಇಷ್ಟು ಸೊಗಸಾಗಿ ಕೂಡಿಬಂದಾಗ ವ್ಯಾಪಾರಿಯಾದವನು ಹೆದರಬೇಕು. ನಾನು ಹೆದರಲಿಲ್ಲ.

ಮೇ ತಿಂಗಳಲ್ಲಿ ಅವರು ಚೀಟಿ ತರುವುದನ್ನು ನಿಲ್ಲಿಸಿದರು. ಅವರ ಮನೆಯ ಬಾಗಿಲಿಗೆ ನೋಟೀಸು ಅಂಟಿತ್ತು. ಎರಡು ವರ್ಷದ ಮನೆ ತೆರಿಗೆ, ದಂಡ ಸೇರಿ ನೂರ ಹನ್ನೆರಡು ಡಾಲರ್. ಜುಲೈ ಎಂಟು, ಶುಕ್ರವಾರ, ಕಚೇರಿ ಮುಚ್ಚುವುದರೊಳಗೆ ಕಟ್ಟದಿದ್ದರೆ ಮನೆ ಹರಾಜಿನ ಪಟ್ಟಿಗೆ. ಅವರು ಮಾಡಿಕೊಂಡ ಏರ್ಪಾಡು ಸರಳ: ನಾಲ್ಕು ಚೀಟಿ ಮಾರದೆ ಉಳಿಸಿಕೊಂಡರೆ ನೂರಿಪ್ಪತ್ತು, ಮನೆ ಉಳಿಯಿತು. ಆ ಎರಡು ತಿಂಗಳು ಅವರು ಏನು ತಿಂದರು ಎಂಬುದು ನನಗೆ ಅರ್ಧಂಬರ್ಧ ಗೊತ್ತು. ಮೇಲಿನ ಬಾಡಿಗೆಯವನು ಬಾಡಿಗೆಯ ಬದಲು ಸಾಸೇಜ್ ಅಂಗಡಿಯಿಂದ ಮೂಳೆ ತಂದುಕೊಡುತ್ತಿದ್ದ. ಹಿತ್ತಲಲ್ಲಿ ಎಲೆಕೋಸಿತ್ತು. ಭಾನುವಾರ ಟ್ರಾಮಿನ ಕೊನೆಯ ನಿಲ್ದಾಣದವರೆಗೆ ಹೋಗಿ ಕಾಡಿನಲ್ಲಿ ಅಣಬೆ ಆಯ್ದು ತರುತ್ತಿದ್ದರು. ಬೂಟಿನೊಳಗೆ ರಟ್ಟು ಕತ್ತರಿಸಿ ಇಟ್ಟುಕೊಂಡಿದ್ದರು. ಆ ರಟ್ಟು ನನ್ನ ಅಂಗಡಿಯ ಡಬ್ಬದ್ದೇ. ನಾನು ನೋಡಿಯೂ ಸುಮ್ಮನಿದ್ದೆ. ಅವರೂ ನಾನು ನೋಡಿದ್ದನ್ನು ನೋಡಿ ಸುಮ್ಮನಿದ್ದರು.

ಜುಲೈ ಆರು, ಬುಧವಾರ ಸಂಜೆ ಅವರು ಅಂಗಡಿಗೆ ಬಂದು, ಗಿರಾಕಿಗಳು ಕಾಲಿಟ್ಟು ಅಳತೆ ಕೊಡುವ ಕುರ್ಚಿಯಲ್ಲಿ ಕೂತರು. ಕೇಳದೆ ಕೂರುವವರಲ್ಲ ಅವರು.

"ಏನಮ್ಮ, ಕಟ್ಟಿ ಬಂದ್ರಾ?"

"ಕಟ್ಟೋಕೆ ಹೋದೆ. ಬೆಳಗ್ಗೆ ಏಳಕ್ಕೆ ಸಾಲಲ್ಲಿ ನಿಂತೆ, ಹತ್ತೂವರೆಗೆ ಕಿಟಕಿ ಸಿಕ್ತು. ಕೆಂಪು ಮೀಸೆ ಗುಮಾಸ್ತ. ಚೀಟಿ ನೋಡ್ದ, ನೋಟೀಸ್ ನೋಡ್ದ, ನನ್ನನ್ನ ನೋಡ್ದ. ಆಗ್ನೆಸ್ ವಾವ್ರಾ ಯಾರು ಅಂದ. ನಾನೇ ಅಂದೆ. ಹಂಗಾದ್ರೆ ಆನೆಷ್ಕಾ ವಾವ್ರೋವಾ ಯಾರು ಅಂದ. ಅವ್ಳೂ ನಾನೇ ಅಂದೆ. ಇಬ್ರಲ್ಲಿ ಯಾರಾದ್ರೂ ಒಬ್ರು ನಾಳೆ ಬನ್ನಿ ಅಂದ."

ನನಗೆ ನಗು ಬಂತು. ಅವರು ಕಾದರು, ನಾನು ನಕ್ಕು ಮುಗಿಸುವವರೆಗೆ.

"ಆಮೇಲೆ ಅವ್ನಿಗೇ ಪಾಪ ಅನ್ಸ್ತೋ ಏನೋ. 'ನೋಡಮ್ಮಾ, ಒಬ್ರ ಚೀಟಿ ಇನ್ನೊಬ್ರ ತೆರಿಗೆಗೆ ಕಟ್ಬೋದು, ತಪ್ಪೇನಿಲ್ಲ. ಆ ಆಗ್ನೆಸ್ ಅನ್ನೋಳು ಹಿಂದೆ ಒಂದು ಸಹಿ ಹಾಕಿದ್ರೆ ಸಾಕು' ಅಂದ. ಸರಿ ಅಂತ ಅಲ್ಲೇ ನಾಲ್ಕಕ್ಕೂ ಸಹಿ ಹಾಕ್ದೆ."

"ಮತ್ತಿನ್ನೇನು?"

ಅವರು ಚೀಲದಿಂದ ನಾಲ್ಕು ಚೀಟಿ ತೆಗೆದು ನನ್ನ ಮುಂದೆ ಬೋರಲು ಹಾಕಿದರು. ಹಿಂಬದಿಯಲ್ಲಿ, ನಾಲ್ಕರಲ್ಲೂ, ಗುಂಡಗೆ, ಅಂದವಾಗಿ: ವಾವ್ರೋವಾ.

"ನನ್ನ ಕೈಗೆ ಬರೋ ಸಹಿ ಇದೊಂದೇ" ಅಂದರು. "ಸಂಬಳದ ಪುಸ್ತಕಕ್ಕೆ ಬರೀ ಗೀಟು ಎಳೀತಿದ್ದೆ, ಯಾರೂ ಕೇಳಿರ್ಲಿಲ್ಲ. ಗುಮಾಸ್ತ ತಲೆ ಮೇಲೆ ಕೈ ಇಟ್ಕೊಂಡ. ಮುಂದೆ ಒಂದು ಹೆಸ್ರು, ಹಿಂದೆ ಇನ್ನೊಂದು, ಇನ್ಮೇಲೆ ಇದು ಚೀಟಿ ಅಲ್ಲ, ಬರೀ ಕಾಗ್ದ ಅಂದ. ಅಳ್ಸೋ ಹಂಗಿಲ್ವಂತೆ. ಈ ಎರಡು ಹೆಸ್ರೂ ಒಬ್ಳದೇ ಅಂತ ಸ್ವಂತ ಕಟ್ಟಡದ ತೆರಿಗೆ ಕಟ್ಟೋ ಒಬ್ರು ಬಂದು ಪ್ರಮಾಣ ಮಾಡ್ಬೇಕಂತೆ. ಅದಕ್ಕೇ ಬಂದೆ. ಸಾಯಂಕಾಲ ನಿಮ್ಮನ್ನ ಕಾಡೋಕೆ ನಂಗೂ ಇಷ್ಟ ಇಲ್ಲ."

ಪ್ರಮಾಣ ಎಂದರೆ ಬರಿಯ ಬಾಯಿಮಾತಲ್ಲ. ನಾಳೆ ಆ ಇಬ್ಬರೂ ಬೇರೆಬೇರೆ ಎಂದು ಯಾರಾದರೂ ತಕರಾರು ತೆಗೆದರೆ ನೂರಿಪ್ಪತ್ತು ಡಾಲರ್ ನನ್ನ ಮೇಲೆ ಬೀಳುತ್ತದೆ. ಅವರು ಒಬ್ಬರೇ ಎಂಬುದು ನನಗೆ ಸೂರ್ಯನಷ್ಟು ಸ್ಪಷ್ಟ. ಆದರೆ ಸರ್ಕಾರಿ ಕಾಗದದ ಕೆಳಗೆ ಹೆಸರು ಬರೆಯುವಾಗ ವ್ಯಾಪಾರಿಯ ಕೈ ಸೂರ್ಯನನ್ನೂ ಸಂಶಯಿಸುತ್ತದೆ. ನಾನು ನನಗೆ ಸುಲಭವಾದ ದಾರಿಯನ್ನು ಹಿಡಿದೆ.

"ಇದೆಲ್ಲ ಯಾಕಮ್ಮಾ ತಾಪತ್ರಯ. ನಂಗೇ ಮಾರ್ಬಿಡಿ. ಕೆಟ್ಟ ಕಾಗದ, ಆದ್ರೂ ಒಂದಕ್ಕೆ ಹದಿನೆಂಟು ಕೊಡ್ತೀನಿ."

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಎಪ್ಪತ್ತೆರಡು. ಅವ್ರು ಕೇಳ್ತಿರೋದು ನೂರ ಹನ್ನೆರಡು. ಮನೇಲಿ ಯಾವ ಭಾಗ ಬಿಟ್ಕೊಡ್ಲಿ, ನೀವೇ ಹೇಳಿ. ಅಡುಗೆಮನೆನಾ? ಮೆಟ್ಟಿಲಾ?"

ಅವರು ಬೂಟಿನ ಲಾಡಿ ಸಡಿಲಿಸುತ್ತ, ಹವಾಮಾನದ ಮಾತಾಡುವ ಹಾಗೆ, ಮುಂದುವರಿಸಿದರು:

"ನಿಮ್ಮತ್ರ ಇರೋ ಒಂಬತ್ತಕ್ಕೂ ನಾನು ಹಿಂಗೇ ಸಹಿ ಹಾಕಿದೀನಲ್ಲ ಸಾವ್ಕಾರ್ರೇ. ಅವನ್ನ ಎಷ್ಟಕ್ಕೆ ತಗೋತೀರಿ?"

ಪೆಟ್ಟಿಗೆಯ ಬೀಗ ತೆಗೆದೆ. ಒಂಬತ್ತು ಚೀಟಿಯನ್ನೂ ಗಲ್ಲಾದ ಮೇಜಿನ ಮೇಲೆ ಹರಡಿದೆ. ಮುಂಬದಿ: ಆಗ್ನೆಸ್ ವಾವ್ರಾ. ಹಿಂಬದಿ: ವಾವ್ರೋವಾ. ಒಂಬತ್ತು ಸಲ. ಬೂಟಿನ ಅಟ್ಟೆಯಲ್ಲಿ ಒಂದು ಮೊಳೆ ಓರೆಯಾಗಿದ್ದರೆ ಕಣ್ಣು ಮುಚ್ಚಿ ಹೇಳುವ ನಾನು ಏಳು ತಿಂಗಳು ಇದನ್ನು ನೋಡಿರಲಿಲ್ಲ. ನೋಡಿದ್ದೆ, ಆದರೆ ತಪ್ಪು ಎಂದು ಅನ್ನಿಸಿರಲಿಲ್ಲ. ವಾವ್ರಾನ ಹೆಂಡತಿ ವಾವ್ರೋವಾ ಎನ್ನದೆ ಇನ್ನೇನೆಂದು ಸಹಿ ಹಾಕಬೇಕು? ಹದಿನೆಂಟನೇ ಬೀದಿಯ ಯಾವ ಅಂಗಡಿಯವನಾದರೂ ಅದನ್ನು ಹಾಗೆಯೇ ಓದಿ ಪೆಟ್ಟಿಗೆಗೆ ಹಾಕುತ್ತಿದ್ದ.

ರೂಜೆನಾ ಒಳಗಿನಿಂದ ಬಂದು ಇಣುಕಿ ನೋಡಿದಳು. "ಇನ್ನೂರ ಹದಿನಾರು ಡಾಲರ್ ಕೊಟ್ಟು ತಂದಿರೋದು" ಅಂದಳು. "ಹಸಿರು ಅಂಚು ಚೆನ್ನಾಗಿದೆ. ಕಪಾಟಿಗೆ ಹಾಸೋಣ."

"ಆ ಗುಮಾಸ್ತನಿಗೆ ಬೇಕಾಗಿರೋದು" ಎಂದು ವಾವ್ರೋವಾ ಅವರು ಎದ್ದರು, "ನನ್ನದಕ್ಕೆ ನಿಮ್ಮ ಪ್ರಮಾಣ. ನಿಮ್ಮದಕ್ಕೆ ಬಹುಶಃ ನಾನೇ ಬಂದು ನಿಲ್ಬೇಕು. ನಾಳೆ ಏಳಕ್ಕೆ ಬರ್ತೀರಾ? ಮಧ್ಯಾಹ್ನದ ತನಕ ರಜಾ ಹೇಳಿದೀನಿ. ಬೇಸಿಗೆ ರಜೇಲಿ ಸ್ಕೂಲು ಪೂರ್ತಿ ಉಜ್ಜೋ ಕೆಲ್ಸ ಇದೆ, ಅದಕ್ಕಿಂತ ಜಾಸ್ತಿ ಕೊಡಲ್ಲ."

ಮರುದಿನ ಏಳಕ್ಕೆ ಹೋದರೆ ಸಾಲು ಆಗಲೇ ಮೂಲೆ ತಿರುಗಿತ್ತು. ಜುಲೈ ಬಿಸಿಲು. ಸಾಲಿನಲ್ಲಿದ್ದವರಲ್ಲಿ ಅರ್ಧ ಜನರ ಕೈಯಲ್ಲಿ ಹಸಿರಂಚಿನ ಚೀಟಿ. ಸರ್ಕಾರಕ್ಕೆ ಸರ್ಕಾರದ ಸಾಲವನ್ನೇ ಕೊಟ್ಟು ತೀರಿಸಲು ಬಂದವರು. ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಹಿಂದೆ ಒಬ್ಬ ಮೇಷ್ಟ್ರು ತಲೆಗೆ ಪತ್ರಿಕೆ ಹೊದ್ದು ನಿಂತೇ ತೂಕಡಿಸುತ್ತಿದ್ದ. ಸಾಲು ಸರಿದಾಗ ವಾವ್ರೋವಾ ಅವರು ಅವನ ಮೊಣಕೈ ಹಿಡಿದು ಮುಂದಕ್ಕೆ ಎಳೆಯುತ್ತಿದ್ದರು. ಅವನು ಕಣ್ಣು ತೆರೆಯದೆ 'ಥ್ಯಾಂಕ್ಸ್' ಅನ್ನುತ್ತಿದ್ದ.

ಹತ್ತು ಗಂಟೆಗೆ ಕೆಂಪು ಮೀಸೆಯ ಕಿಟಕಿ ಬಂತು.

"ಓ, ಬಂದ್ರಾ. ಇವತ್ತು ಯಾರು ಬಂದಿದೀರಿ, ಆಗ್ನೆಸ್ಸಾ ಆ ಇನ್ನೊಬ್ರಾ?"

"ಇಬ್ರೂ ಬಂದಿದೀವಿ" ಎಂದರು ವಾವ್ರೋವಾ. "ಟ್ರಾಮಿನವನು ಒಂದೇ ಟಿಕೆಟ್ ತಗೊಂಡ. ಅವನಿಗೆ ಗೊತ್ತಾಯ್ತು."

ಗುಮಾಸ್ತ ನಗು ನುಂಗಿಕೊಂಡು ಒಳಗಿನ ಸಾಹೇಬರನ್ನು ಕರೆದ. ದಪ್ಪ ಕನ್ನಡಕದ, ಅಂಗಿಯ ಕಾಲರಿನೊಳಗೆ ಕರವಸ್ತ್ರ ಸಿಕ್ಕಿಸಿಕೊಂಡ ಮುದುಕ. ಅವರು ಚೀಟಿಗಳನ್ನು ಮುಂದೆ ಹಿಂದೆ ತಿರುವಿ, ಒರಟಲ್ಲದ, ಆದರೆ ಬಹಳ ದಣಿದ ದನಿಯಲ್ಲಿ ಕೇಳಿದರು:

"ಅಮ್ಮಾ, ಒಂದು ಮಾತು ಹೇಳಿಬಿಡಿ. ಇದ್ರಲ್ಲಿ ನಿಮ್ಮ ನಿಜವಾದ ಹೆಸ್ರು ಯಾವ್ದು?"

"ಸ್ಕೂಲಿನ ನೆಲ ಉಜ್ಜೋಳು ಆಗ್ನೆಸ್. ಮನೆ ತೆರಿಗೆ ಕಟ್ಟೋಳು ಆನೆಷ್ಕಾ. ಸರ್ಕಾರ ಆಗ್ನೆಸ್‌ಗೆ ಸಾಲಗಾರ, ಆನೆಷ್ಕಾ ಸರ್ಕಾರಕ್ಕೆ ಸಾಲಗಾರಳು. ಇಬ್ರಲ್ಲಿ ಯಾರ ಕೈಗೂ ಕಾಸು ಬಂದಿಲ್ಲ. ನಿಮಗೆ ಯಾವ್ದು ಬೇಕೋ ಅದನ್ನ ಬರ್ಕೊಳ್ಳಿ ಸ್ವಾಮಿ, ಮನೆ ಮಾತ್ರ ಬಿಡಿ."

ಸಾಹೇಬರು ನನ್ನ ಕಡೆ ತಿರುಗಿದರು. "ನೀವು ಹೇಳಿ. ಎಷ್ಟು ವರ್ಷದಿಂದ ಬಲ್ಲಿರಿ?"

"ಇಪ್ಪತ್ತೆರಡು. ಇವ್ರ ಗಂಡ ವಾವ್ರಾ. ನಮ್ಮಲ್ಲಿ ಹೆಂಗಸರ ಹೆಸರಿಗೆ ಒಂದು ಬಾಲ ಇರತ್ತೆ ಸಾರ್."

"ಬಾಲ" ಎಂದು ಸಾಹೇಬರು ಬರೆದುಕೊಳ್ಳದೆ ಹೇಳಿದರು. "ಸುಳ್ಳಾದ್ರೆ ನೂರಿಪ್ಪತ್ತು ನಿಮ್ಮದು. ಇಲ್ಲಿ ಸಹಿ ಮಾಡಿ."

ಲೇಖನಿ ನನ್ನ ಕೈಯಲ್ಲಿ ಒಂದು ಕ್ಷಣ ನಿಂತಿತು. ಅದನ್ನು ನಾನು ಮುಚ್ಚಿಡುವುದಿಲ್ಲ. ನನ್ನ ಒಂಬತ್ತು ಚೀಟಿ ಜೇಬಿನಲ್ಲಿರದಿದ್ದರೆ ಇನ್ನೆಷ್ಟು ಕ್ಷಣ ನಿಲ್ಲುತ್ತಿತ್ತೋ ಹೇಳಲಾರೆ. ವಾವ್ರೋವಾ ಅವರು ನನ್ನ ಕೈಯನ್ನಲ್ಲ, ಕಿಟಕಿಯ ಸರಳಿಗೆ ಹತ್ತಿದ್ದ ತುಕ್ಕನ್ನು ನೋಡುತ್ತಿದ್ದರು. ನಾನು ಸಹಿ ಮಾಡಿದೆ. ಗುಮಾಸ್ತ ನಾಲ್ಕು ಚೀಟಿಗೂ ಮುದ್ರೆ ಒತ್ತಿದ. ನೂರ ಹನ್ನೆರಡು ತೆರಿಗೆಗೆ ಹೋಗಿ ಎಂಟು ಡಾಲರ್ ಮಿಕ್ಕಿತು.

"ಚಿಲ್ಲರೆ ಕೊಡೋ ಹಂಗಿಲ್ಲಮ್ಮ" ಎಂದ ಗುಮಾಸ್ತ. "ಮುಂದಿನ ವರ್ಷದ ತೆರಿಗೆಗೆ ಹಾಕ್ಕೋತೀವಿ."

"ಹಾಕ್ಕೊಳ್ಳಿ. ಆಗ್ನೆಸ್ ಹೆಸರಲ್ಲಿ ಮಾತ್ರ ಹಾಕ್ಬೇಡಿ."

ರಸೀದಿ ಕೈಗೆ ಬಂದಾಗ ಹನ್ನೊಂದು ಮುಕ್ಕಾಲು. ಅದನ್ನು ನಾಲ್ಕಾಗಿ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡರು. ಮನೆ ಉಳಿಯಿತು. ಮನೆ ಉಳಿಸಿಕೊಂಡವರ ಮುಖ ಹೇಗಿರುತ್ತದೆ ಎಂದು ನೋಡಬೇಕೆಂದಿದ್ದೆ. ಬೆಳಿಗ್ಗೆ ಇದ್ದ ಹಾಗೆಯೇ ಇತ್ತು. ಇನ್ನೊಂದು ಹೊತ್ತಿನ ಕೆಲಸ ಮುಗಿಯಿತು ಎಂಬಂತೆ.

ಆಗ ನಾನು ನನ್ನ ಒಂಬತ್ತು ಚೀಟಿ ಕಿಟಕಿಯೊಳಗೆ ತಳ್ಳಿದೆ. ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇಲ್ಲೂ ಬಾಲ?"

"ಇಲ್ಲೂ ಬಾಲ ಸಾರ್."

"ಇದು ಮಾರಾಟವಾದ ಚೀಟಿ, ದಾರಿ ಬೇರೆ. ಮಾರಿದವರು ನಮ್ಮೆದುರೇ ಪ್ರತಿಯೊಂದಕ್ಕೂ ಎರಡೂ ಹೆಸರಲ್ಲಿ ಹೊಸದಾಗಿ ಸಹಿ ಹಾಕ್ಬೇಕು. ಆದ್ರೆ ಪ್ರಮಾಣ ಬರ್ಕೊಳ್ಳೋ ಗುಮಾಸ್ತ ಈಗ ಊಟಕ್ಕೆ ಹೋಗ್ತಾನೆ. ಒಂದೂವರೆಗೆ ಬನ್ನಿ."

ನಾನು ವಾವ್ರೋವಾ ಅವರ ಕಡೆ ನೋಡಿದೆ. ಅವರ ಕೆಲಸ ಮುಗಿದಿತ್ತು. ಹನ್ನೆರಡೂವರೆಗೆ ಸ್ಕೂಲಿನಲ್ಲಿರಬೇಕು. ಇಲ್ಲವಾದರೆ ಮೇಲ್ವಿಚಾರಕ ಅರ್ಧ ದಿನದ ಕೂಲಿ ಮುರಿಯುತ್ತಾನೆ, ಮುರಿಯುವುದನ್ನು ಮಾತ್ರ ಆ ದಿನಗಳಲ್ಲೂ ಸರ್ಕಾರ ತಪ್ಪದೆ ಮಾಡುತ್ತಿತ್ತು.

"ಅಮ್ಮಾ..." ಎಂದೆ.

"ಕೂತ್ಕೊಳ್ಳಿ" ಎಂದರು. "ನಂಗೂ ಕಾಲು ನೋಯ್ತಿದೆ."

ಕಚೇರಿಯ ಕಲ್ಲಿನ ಮೆಟ್ಟಿಲ ನೆರಳಲ್ಲಿ ಕೂತೆವು. ಅವರು ಗಂಟು ಬಿಚ್ಚಿ, ಹೆಬ್ಬಾತಿನ ಕೊಬ್ಬು ಸವರಿ ಈರುಳ್ಳಿ ಇಟ್ಟ ರೈ ಬ್ರೆಡ್ಡನ್ನು ಎರಡಾಗಿ ಮುರಿದು ದೊಡ್ಡ ಅರ್ಧವನ್ನು ನನಗೆ ಕೊಟ್ಟರು. ತಿನ್ನುತ್ತ ನಾನು ಕಾಯುತ್ತಿದ್ದೆ. ನನ್ನ ಜುಟ್ಟು ಅವರ ಕೈಯಲ್ಲಿತ್ತು. ಈಗ ಕೇಳುತ್ತಾರೆ: ಒಂಬತ್ತು ಚೀಟಿಯ ವಟ್ಟ, ಐವತ್ತನಾಲ್ಕು ಡಾಲರ್, ವಾಪಸ್ಸು ಕೊಡು, ಇಲ್ಲವಾದರೆ ನಾನು ಹೊರಟೆ. ನಾನೇ ಆಗಿದ್ದರೆ ಬ್ರೆಡ್ಡು ಬಿಚ್ಚುವ ಮೊದಲೇ ಕೇಳುತ್ತಿದ್ದೆ. ಮನಸ್ಸಿನಲ್ಲೇ ಚೌಕಾಸಿಗೆ ಸಿದ್ಧನಾದೆ. ಹತ್ತರಿಂದ ಶುರುಮಾಡುವುದು, ಇಪ್ಪತ್ತೇಳಕ್ಕೆ ನಿಲ್ಲುವುದು. ಅವರು ಈರುಳ್ಳಿ ಅಗಿಯುತ್ತ ಪಾರಿವಾಳಗಳನ್ನು ನೋಡುತ್ತಿದ್ದರು. ಕಾಯುವುದು ಅಸಹ್ಯವಾಗಿ ನಾನೇ ಬಾಯಿಬಿಟ್ಟೆ.

"ಏನೂ ಕೇಳಲ್ವಾ ನೀವು?"

"ಏನು ಕೇಳ್ಲಿ?"

"ವಟ್ಟದ ದುಡ್ಡು."

ಅವರು ಬೆರಳಿಗೆ ಹತ್ತಿದ ಕೊಬ್ಬನ್ನು ಒಡೆದ ಸಂದಿಗಳಿಗೆ ತಿಕ್ಕಿಕೊಂಡರು. "ಮಾರ್ದಾಗ ಹಸಿವಿತ್ತು. ಆವತ್ತಿನ ಬೆಲೆ ಅದು. ನೀವು ಕೊಟ್ರಿ, ನಾನು ತಿಂದೆ. ಈಗ ಕೇಳಿದ್ರೆ ಏನಾಗತ್ತೆ? ಅರ್ಧ ಕೊಡ್ತೀರಿ, ಆಮೇಲೆ ನಾನು ಸಾಯೋ ತನಕ ಆ ಉಪಕಾರ ನನ್ನ ತಲೆ ಮೇಲೆ ಹೊರಿಸ್ತೀರಿ. ನಂಗೆ ಹೊರೋಕೆ ಬಕೆಟ್ ಸಾಕು ಸಾವ್ಕಾರ್ರೇ."

ನಾನು ಬ್ರೆಡ್ಡು ತಿಂದು ಮುಗಿಸಿದೆ. ಅರ್ಧ ಎಂದು ಅವರು ಸರಿಯಾಗಿಯೇ ಅಂದಾಜು ಮಾಡಿದ್ದರು.

ಒಂದೂವರೆಗೆ ಬರಬೇಕಿದ್ದ ಗುಮಾಸ್ತ ಎರಡೂಕಾಲಿಗೆ ಬಂದ. ಚೀಟಿಯ ನಂಬರು ಒಂದೊಂದನ್ನೇ ದಪ್ಪ ಪುಸ್ತಕಕ್ಕೆ ಏರಿಸಿಕೊಂಡು ಅವರ ಮುಂದಿಟ್ಟ. ವಾವ್ರೋವಾ ಅವರು ಲೇಖನಿ ಹಿಡಿದರು. ತಮ್ಮ ಹೆಸರು ಕೈಗೆ ತಾನಾಗಿ ಬಂತು. ಆಗ್ನೆಸ್ ಬರಲಿಲ್ಲ. ಒಂದೊಂದು ಅಕ್ಷರವನ್ನೂ ಚೀಟಿಯ ಮುಂಬದಿ ನೋಡಿ ನೋಡಿ, ಮಕ್ಕಳು ಸ್ಲೇಟಿನ ಮೇಲೆ ತಿದ್ದುವ ಹಾಗೆ ಬರೆದರು. ಮೂರನೆಯ ಚೀಟಿಗೆ ಹೆಬ್ಬೆರಳ ಸಂದಿ ಬಿಟ್ಟು ರಕ್ತ ಬಂತು. ಕಾಗದಕ್ಕೆ ತಾಗದಂತೆ ಬೆರಳಿಗೆ ತಲೆವಸ್ತ್ರದ ತುದಿ ಸುತ್ತಿಕೊಂಡರು. "ಕಲೆಯಾದ್ರೆ ಅದಕ್ಕೂ ಒಬ್ಬ ಪ್ರಮಾಣ ಮಾಡ್ಬೇಕು" ಅಂದರು. ಗುಮಾಸ್ತ ಈ ಸಲ ನಗಲಿಲ್ಲ, ತನ್ನ ಒತ್ತುಕಾಗದವನ್ನು ಅವರತ್ತ ಸರಿಸಿದ. ಒಂಬತ್ತು ಚೀಟಿ, ಹದಿನೆಂಟು ಸಹಿ. ಕೊನೆಯ ಆಗ್ನೆಸ್ ಮೊದಲಿನದಕ್ಕಿಂತ ಅಂದವಾಗಿತ್ತು. ಬಹುಶಃ ಹದಿನಾಲ್ಕು ವರ್ಷದಲ್ಲಿ ಆ ಹೆಂಗಸನ್ನು ಅವರು ಪರಿಚಯ ಮಾಡಿಕೊಂಡದ್ದು ಅಂದೇ.

ಬೆಂಕಿ ಆರಿಸುವವನ ಚೀಟಿಯೂ ಸೇರಿ ನನ್ನ ಇನ್ನೂರ ತೊಂಬತ್ತೆಂಟು ಡಾಲರ್ ತೆರಿಗೆ ಪೂರ್ತಿ ಸಂದಿತು. ನಾಲ್ಕು ಗಂಟೆಗೆ ಹೊರಗೆ ಬಂದೆವು. ಟ್ರಾಮಿಗೆ ನಾನು ಕಾಸು ಕೊಡುತ್ತೇನೆ ಎಂದೆ. "ಬೇಡ, ಈಗ ಸ್ಕೂಲಿಗೆ ಹೋದ್ರೂ ಒಳಗೆ ಬಿಡಲ್ಲ. ನಡ್ಕೊಂಡೇ ಹೋಗ್ತೀನಿ, ಮನೇಲಿ ಕೋಸಿಗೆ ನೀರು ಹಾಕ್ಬೇಕು" ಎಂದು ಹೊರಟರು. ರಟ್ಟಿನ ಅಟ್ಟೆಯ ಬೂಟು ಬಲಗಾಲಲ್ಲಿ ಸ್ವಲ್ಪ ಎಳೆಯುತ್ತಿತ್ತು. ನಾನು ಟ್ರಾಮಿನಲ್ಲಿ ಬಂದೆ.

ಆ ಚೀಟಿಗಳ ವ್ಯಾಪಾರದಲ್ಲಿ ನನಗೆ ಉಳಿದ ಐವತ್ತನಾಲ್ಕು ಡಾಲರನ್ನು ನಾನು ಸಾಲ ಎನ್ನಲಾರೆ. ಅವರು ಮಾರಿದರು, ನಾನು ಕೊಂಡೆ. ಅವರೂ ಅದನ್ನು ಸಾಲ ಎನ್ನಲಿಲ್ಲ. ಈಗಲೂ ಬೀದಿಯಲ್ಲಿ ಸಿಕ್ಕರೆ ತಲೆಯಾಡಿಸಿ ಹೋಗುತ್ತಾರೆ. ಮನೆ ಅವರದೇ ಹೆಸರಿನಲ್ಲಿದೆ. ಆದರೆ ಆ ಗುರುವಾರ ತಮ್ಮ ರಸೀದಿ ರವಿಕೆಯೊಳಗೆ ಇಟ್ಟುಕೊಂಡ ಮೇಲೆ, ಹನ್ನೊಂದು ಮುಕ್ಕಾಲರಿಂದ ನಾಲ್ಕರವರೆಗೆ ಅವರು ಕೂತದ್ದು ನನ್ನ ಕೆಲಸಕ್ಕೆ. ಅದಕ್ಕೆ ಮೇಲ್ವಿಚಾರಕ ಅವರ ಕೂಲಿಯಲ್ಲಿ ಒಂದು ಡಾಲರ್ ಹದಿನೈದು ಸೆಂಟ್ ಮುರಿದ. ಅದನ್ನು ಅವರು ಕೇಳಿಲ್ಲ, ನಾನು ಇನ್ನೂ ಕೊಟ್ಟಿಲ್ಲ. ಆನೆಷ್ಕಾ ವಾವ್ರೋವಾ ಅವರಿಗೆ ನಾನು ಅರ್ಧ ದಿನದ ಕೂಲಿ ಬಾಕಿ ಇದ್ದೇನೆ.